ಐದು ಲಕ್ಷದ ಗೆರೆ

ನವನಗರ, ಬಾಗಲಕೋಟೆ

ಚಿ. ಸುಧಾಗೆ ನಿಮ್ಮ ಕಾಕಾ ಮಾಡುವ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ನೀನಂದದ್ದು ರಾತ್ರಿಯಿಡೀ ತಲೆ ಕೊರೆಯಿತು. ಹಿನ್ನೀರಿಗೆ ಹೋದ ಹೊಲದ ಪರಿಹಾರ, 18 ಲಕ್ಷ, ಅಷ್ಟನ್ನೂ ವೈನಿ ಹೆಸರಿನಲ್ಲಿ ಓಣಿಯ ಆ ಪತ್ತಿನ ಸೊಸೈಟಿಯಲ್ಲೇ ಠೇವು ಇಡ್ತೀನಿ ಅಂದಿ. ಬಡ್ಡಿ ಜಾಸ್ತಿಯಂತೆ. "ನಾಳೆ ಏನರ ಆದ್ರ ಸರ್ಕಾರ ಕೈ ಬಿಡ್ತದೇನು ಕಾಕಾ?" ಅಂತ ಕೇಳಿದಿ. ಬಿಡ್ತದವಾ.

ಬ್ಯಾಂಕನ್ನು ಉಳಿಸುವುದು ಬೇರೆ, ನಿನ್ನ ಠೇವಿಗೆ ಜಾಮೀನು ನಿಲ್ಲುವುದು ಬೇರೆ. ಯೆಸ್ ಬ್ಯಾಂಕ್ ನೆನಪಿದೆಯಲ್ಲ? 2020ರ ಮಾರ್ಚ್ 5ರಂದು, 50,000ಕ್ಕಿಂತ ಹೆಚ್ಚು ತೆಗೆಯಬಾರದೆಂದು ಕಟ್ಟು ಹಾಕಿದರು. ಸ್ಟೇಟ್ ಬ್ಯಾಂಕಿನಿಂದ ಬಂಡವಾಳ ಹಾಕಿಸಿ ಅದೇ ತಿಂಗಳ 18ಕ್ಕೆ ಕಟ್ಟು ಬಿಚ್ಚಿದರು. ಠೇವು ಇಟ್ಟವರ ಪೈಸೆಯೂ ಹೋಗಲಿಲ್ಲ. ಆದರೆ ಅದೇ ಬ್ಯಾಂಕಿನ 8,400 ಕೋಟಿಗೂ ಮಿಕ್ಕ ಬಾಂಡುಗಳನ್ನು ಸೊನ್ನೆ ಎಂದು ಬರೆದರು. ಎಫ್‌ಡಿ ಥರಾನೇ ಎಂದು ನಂಬಿ ಕೊಂಡವರೂ ಅದರಲ್ಲಿದ್ದರು. ಅಷ್ಟು ದೊಡ್ಡ ಬ್ಯಾಂಕು ಬಿದ್ದರೆ ಮಗ್ಗುಲಿನವೂ ಅಲುಗುತ್ತವೆ ಅಂತ ಓಡಿ ಬಂದರು. ಓಣಿಯ ಸೊಸೈಟಿ ಬಿದ್ದರೆ ದಿಲ್ಲಿಯಲ್ಲಿ ಯಾರಿಗೆ ನಿದ್ದೆ ಕೆಡ್ತದ?

ರಿಸರ್ವ್ ಬ್ಯಾಂಕಿನದೇ ಒಂದು ಠೇವಣಿ ವಿಮಾ ನಿಗಮವಿದೆ. 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಬಿದ್ದ ಮೇಲೆ ಕಣ್ಣು ತೆರೆದು, 1962ರಲ್ಲಿ ಶುರುಮಾಡಿದ್ದು. ಆಗ ವಿಮೆ 1,500 ರೂಪಾಯಿ. ನಾನು ಕೌಂಟರಿನಲ್ಲಿದ್ದಾಗ 1 ಲಕ್ಷ, 2020ರ ಫೆಬ್ರವರಿಯಿಂದ 5 ಲಕ್ಷ. ಒಬ್ಬರಿಗೆ, ಒಂದು ಬ್ಯಾಂಕಿಗೆ, ಅಸಲು ಬಡ್ಡಿ ಕೂಡಿ ಅಷ್ಟೇ. ನಾಲ್ಕು ಶಾಖೆಯಲ್ಲಿ ಹಂಚಿಟ್ಟರೂ ಲೆಕ್ಕ ಒಂದೇ. ಅರ್ಬನ್ ಬ್ಯಾಂಕು, ಡಿಸಿಸಿ ಅಂದರೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಇದರೊಳಗೆ ಬರುತ್ತವೆ. ಬ್ಯಾಂಕ್ ಲೈಸೆನ್ಸ್ ಇಲ್ಲದ ಪತ್ತಿನ ಸಂಘ, ಸೌಹಾರ್ದ ಬರುವುದಿಲ್ಲ. ಎರಡರ ಬೋರ್ಡಿನ ಮೇಲೂ 'ಸಹಕಾರಿ' ಅಂತಲೇ ಇರ್ತದ, ಮಂದಿ ಎಡವೋದು ಅಲ್ಲೇ.

ನಾನೇ ಎಡವಿದ್ದೇನೆ. ನಿಮ್ಮ ಕಾಕೂನ ಪಿಗ್ಮಿ ಪುಸ್ತಕ ಈಗಲೂ ಟ್ರಂಕಿನಲ್ಲಿದೆ. ದಿನಾ 20 ರೂಪಾಯಿ, ಪಕ್ಕದಲ್ಲಿ ಏಜೆಂಟನ ಗೀಚು ಸಹಿ, ಕೊನೇ ಸಾಲಿನಲ್ಲಿ 41,260. ಮುಂದಿನ ಹಾಳೆ ಖಾಲಿ. ಒಂದು ಸೋಮವಾರ ಆ ಸಂಘದ ಶಟರ್ ಎತ್ತಲೇ ಇಲ್ಲ. ಊರ ಮಂದಿಗೆಲ್ಲ ಬುದ್ಧಿ ಹೇಳುವ ಬ್ಯಾಂಕ್ ಕ್ಲಾರ್ಕ್ ನಾನು, ಮನೆಯೊಳಗಿನ ಆ ಪುಸ್ತಕ ಒಮ್ಮೆಯೂ ತೆರೆದು ನೋಡಿರಲಿಲ್ಲ. ವರ್ಷಗಟ್ಟಲೆ ಓಡಾಡಿದ ಮೇಲೆ ಕೈಗೆ ಬಂದದ್ದು 6,000.

ಸರ್ಕಾರ ಎಲ್ಲಕ್ಕೂ ಯಾಕೆ ಜಾಮೀನು ನಿಲ್ಲಬಾರದು ಅಂತ ನೀನು ಕೇಳ್ತಿ, ಗೊತ್ತು. ಐರ್ಲೆಂಡ್ ನಿಂತಿತ್ತು. 2008ರಲ್ಲಿ ತನ್ನ ದೊಡ್ಡ ಬ್ಯಾಂಕುಗಳ ಠೇವಿಗೆ, ಬಹುಪಾಲು ಸಾಲಕ್ಕೂ. ಎರಡು ವರ್ಷಕ್ಕೆ ಆ ದೇಶವೇ 8,500 ಕೋಟಿ ಯೂರೋ ನೆರವಿನ ಪ್ಯಾಕೇಜಿಗೆ ಸಹಿ ಹಾಕಬೇಕಾಯಿತು.

ಹಿಂಗ ಮಾಡು. ಮೂರು ಬೇರೆ ಬೇರೆ ಬ್ಯಾಂಕಿನಲ್ಲಿ ನಾಲ್ಕು ನಾಲ್ಕು ಲಕ್ಷ ಇಡು, ಬಡ್ಡಿಗೂ ಜಾಗ ಉಳಿಯಲಿ. ಉಳಿದದ್ದು ಪೋಸ್ಟಿಗೆ; ಅದಕ್ಕೆ ಕೇಂದ್ರ ಸರ್ಕಾರವೇ ಹೊಣೆ, ಅಲ್ಲಿ 5 ಲಕ್ಷದ ಗೆರೆಯಿಲ್ಲ. ಬ್ಯಾಂಕಿಗೆ ಕಟ್ಟು ಬಿದ್ದರೆ ವಿಮೆಯ ಹಣ 90 ದಿನದೊಳಗೆ ಕೊಡಬೇಕೆಂದು 2021ರಲ್ಲಿ ಕಾನೂನು ತಿದ್ದಿದ್ದಾರೆ. ಆ ಮೂರು ತಿಂಗಳು ಸಂಸಾರ ನಡೆಯುವಷ್ಟು ಬೇರೆ ಕಡೆ ಇರಲಿ. ನಾಮಿನಿ ಹೆಸರು ಬರೆಸೋದು ಮರೀಬ್ಯಾಡ.

ರವಿವಾರ ನಾನೇ ಬರ್ತೀನಿ, ಪಾಸ್‌ಬುಕ್ಕು, ಪ್ಯಾನ್ ಕಾರ್ಡು ತೆಗೆದಿಡು. ಅಲ್ಲೀತನಕ ವೈನಿ ಯಾವ ಕಾಗದಕ್ಕೂ ಸಹಿ ಹಾಕೋದು ಬೇಡ. ಕಾಕೂಗೆ ಕೆಮ್ಮು ಇನ್ನೂ ಹೋಗಿಲ್ಲ. ಆದರೂ ನಿಮಗೆ ಅಂತ ಖಡಕ್ ರೊಟ್ಟಿ ಬಡೀತಾ ಕೂತಾಳ.

ನಿನ್ನ ಕಾಕಾ