ಅಕ್ಕನಿಗೆ, ಡಾಕ್ಟರಿಗೆ, ಕೈ ಹಿಡಿದ ಸಿಸ್ಟರಿಗೆ

ನಿನ್ನೆ ಡಾಕ್ಟರ್ ತೆಳ್ಳನೆಯ ಕಡ್ಡಿಯನ್ನು ವಸಡಿನ ಅಂಚಿನಲ್ಲಿ ಇಳಿಸಿ, ಒಂದೊಂದು ಹಲ್ಲಿನ ಸುತ್ತ 6 ಕಡೆ ಅಳೆದರು. "2, 3, 2... 3, 2, 2." ಸಿಸ್ಟರ್ ಬರೆದುಕೊಳ್ಳುತ್ತಾ ಹೋದರು. ಕುರ್ಚಿಯಲ್ಲಿ ಮಲಗಿದ್ದ ನನಗೆ ಕಣ್ಣು ತುಂಬಿ ಬಂತು. 9 ತಿಂಗಳ ಹಿಂದೆ ಇದೇ ಕುರ್ಚಿಯಲ್ಲಿ ಕೇಳಿದ್ದು "5, 6, 7".

ಇದು ಮಿಲಿಮೀಟರ್ ಲೆಕ್ಕ. ಹಲ್ಲಿಗೂ ವಸಡಿಗೂ ನಡುವಿನ ಸಂದು 3ರವರೆಗೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಆಳವಾದರೆ ಬ್ರಷ್ ಒಳಗೆ ಹೋಗುವುದಿಲ್ಲ. ಪಾಚಿ ಕಲ್ಲಿನಂತೆ ಗಟ್ಟಿಯಾಗಿ ಕೂರುತ್ತದೆ, ಒಳಗೊಳಗೇ ಮೂಳೆ ಸವೆಯುತ್ತದೆ. ನನಗೆ ನೋವೇ ಇರಲಿಲ್ಲ. ಬ್ರಷ್ ಮಾಡುವಾಗ ರಕ್ತ ಬರುತ್ತಿತ್ತು, ಅಷ್ಟೇ. ಜೋರಾಗಿ ಉಜ್ಜಿದ್ದಕ್ಕೆ ಅಂದುಕೊಂಡು ರಕ್ತ ಬರುವ ಕಡೆ ಉಜ್ಜುವುದನ್ನೇ ಬಿಟ್ಟೆ. ಅದರಿಂದಲೇ ಇನ್ನೂ ಜಾಸ್ತಿಯಾಯಿತು.

ಅಕ್ಕಾ, ಮೊದಲು ನಿನಗೆ. "ಬಾಯಿ ವಾಸನೆ ಬರ್ತಿದೆ ಕಣೋ, ಹೋಗಿ ತೋರಿಸ್ಕೋ" ಎಂದು ಮುಖಕ್ಕೆ ಹೇಳಿದವಳು ನೀನೊಬ್ಬಳೇ. ಉಳಿದವರು ಸುಮ್ನೆ ಸ್ವಲ್ಪ ದೂರ ಕೂತರು. ಆ ಮಾತು ಹೇಳುವುದು ಸುಲಭ ಅಲ್ಲ, ಅಲ್ವಾ? ಅವತ್ತು ನಿನ್ನ ಮೇಲೆ ಮುನಿಸಿಕೊಂಡಿದ್ದೆ. ಕ್ಷಮಿಸು.

ಡಾಕ್ಟರ್, ನೀವು ಎಕ್ಸ್‌ರೇ ತೋರಿಸಿ, "ಹೋದ ಮೂಳೆ ತಾನಾಗಿ ಬರಲ್ಲ, ಇರೋದನ್ನ ಉಳಿಸೋಣ" ಅಂದಿರಿ. ಆ ನೇರ ಮಾತೇ ನನ್ನನ್ನು ಕೊನೆಯವರೆಗೂ ಬರುವಂತೆ ಮಾಡಿತು. ರಕ್ತದ ಸಕ್ಕರೆ ನೋಡಿಸಿ ಅಂದವರೂ ನೀವೇ. ಅದು ಏರಿತ್ತು. ಸಕ್ಕರೆ ಹತೋಟಿಯಲ್ಲಿ ಇಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ ಎಂದು ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ನನಗೆ ಚಿಕ್ಕಂದಿನಿಂದ ಇತ್ತು. ನೀವು ಬೈಯಲಿಲ್ಲ. ಬೇರಿನಿಂದ ಕೆರೆದು ತೆಗೆದ ಚೂರುಗಳನ್ನು ಬಿಳಿ ಬಟ್ಟೆಯ ಮೇಲಿಟ್ಟು ತೋರಿಸಿದಿರಿ. ಕಪ್ಪಗೆ, ಮರಳಿನ ಕಾಳಿನಷ್ಟು ಗಟ್ಟಿ. ಹಲ್ಲುಗಳ ನಡುವೆ ಆಮೇಲೆ ಕಂಡ ಸಂದು ಹೊಸದಲ್ಲ, ಕಲ್ಲು ಮತ್ತು ಊತ ಮುಚ್ಚಿಟ್ಟಿದ್ದ ಜಾಗ ಎಂದು ಆಗ ಅರ್ಥವಾಯಿತು. ತಣ್ಣೀರು ಕೆಲವು ವಾರ ಜುಂ ಎನ್ನುತ್ತಿತ್ತು, ಆಮೇಲೆ ನಿಂತಿತು.

ಆ ಆಳದ ಕ್ಲೀನಿಂಗ್‌ನಿಂದಲೇ ಹೆಚ್ಚಿನ ಕಡೆ ವಸಡು ಮತ್ತೆ ಹಲ್ಲಿಗೆ ಬಿಗಿಯಾಗಿ ಕೂತಿತು. ಹಿಂದಿನ ಎರಡು ದವಡೆ ಹಲ್ಲುಗಳ ಹತ್ತಿರ ಮಾತ್ರ ವಸಡನ್ನು ಬಿಡಿಸಿ, ಒಳಗೆ ಶುಚಿ ಮಾಡಿ ಹೊಲಿಗೆ ಹಾಕಬೇಕಾಯಿತು. ಕೆಳಗಿನ ಮುಂದಿನ ಹಲ್ಲೊಂದರ ವಸಡು ಜಾರಿ ಬೇರು ಕಾಣುತ್ತಿತ್ತು. ಅಂಗುಳದಿಂದ ಚೂರು ತೆಗೆದು ಅಲ್ಲಿಗೆ ಕಸಿ ಮಾಡಿದರು. ನಿಜ ಹೇಳಬೇಕೆಂದರೆ ಹಲ್ಲಿಗಿಂತ ಅಂಗುಳವೇ ಜಾಸ್ತಿ ನೋಯಿತು, ಬಿಸಿ ತಿಂದು ಸುಟ್ಟ ಹಾಗೆ.

ಸಿಸ್ಟರ್, ಆ ದಿನ ಮರಗಟ್ಟುವ ಸೂಜಿ ಚುಚ್ಚುವಾಗ ಕೇಳದೆಯೇ ನನ್ನ ಕೈ ಹಿಡಿದಿರಿ. ಆಮೇಲೆ ಕನ್ನಡಿ ಹಿಡಿದು, ಹಲ್ಲುಗಳ ಸಂದಿಗೆ ಹಾಕುವ ಪುಟ್ಟ ಬ್ರಷ್ ಬಳಸುವುದನ್ನು ಮೂರು ಸಲ ತೋರಿಸಿಕೊಟ್ಟಿರಿ. ಈಗ ರಾತ್ರಿ ಅದಿಲ್ಲದೆ ನಾನು ಮಲಗುವುದಿಲ್ಲ.

ಮುಂದಿನ ತಪಾಸಣೆ 3 ತಿಂಗಳಿಗೆ. ಈ ತೊಂದರೆ ಒಂದೇ ಮನೆಯವರಲ್ಲಿ ಬರುವುದೂ ಉಂಟಂತೆ. ಅಕ್ಕಾ, ಈ ಸಲ ನೀನೂ ಜೊತೆಗೆ ಬಾ, ನಿನ್ನ ವಸಡನ್ನೂ ಒಮ್ಮೆ ಅಳೆಸೋಣ.