ಮಗಳಿಗೊಂದು ಪತ್ರ: ಐತವಾರದ ಸಾಕ್ಷಿ

ಚಿನ್ನಿ,

ಯಶವಂತಪುರ ಗಾಡಿ ಬೀದರ ಬಿಡೋತನ ನೀ ಆ ಕಡಿ ಮುಖ ಮಾಡ್ಕೊಂಡೇ ಕೂತಿ, ನೀರಿನ ಬಾಟ್ಲಿ ಕೊಟ್ರ ತಗೊಂಡಿ, ಮಾತಾಡ್ಲಿಲ್ಲ. ಫೋನ್ ಎತ್ತಂಗಿಲ್ಲ ಅಂತ ಗೊತ್ತು, ಅದಕ್ಕ ಬರೀಲಾಕತ್ತೀನಿ.

ನಿಂಗ ನರ್ಸ್ ನೌಕರಿ ಸಿಕ್ಕಿದ್ದಕ್ಕ ಐತವಾರ ಚರ್ಚಿನ್ಯಾಗ ನಾ ಮೈಕ್ ಹಿಡ್ದು ಸಾಕ್ಷಿ ಹೇಳಿದ್ನಲ್ಲ, ದೇವ್ರ ಉಪಕಾರ ಎಲ್ಲಾರ ಮುಂದ ಹೇಳೋದು, ಅದು ಕೇಳಿ ಮನಿಗೆ ಬಂದು ನೀ ಅಂದ ಮಾತು ತಲ್ಯಾಗಿಂದ ಹೋಗವಲ್ದು. "ಅಪ್ಪ, ನೀ ದೇವ್ರಿಗೆ ಸ್ತೋತ್ರ ಹೇಳ್ಲಿಲ್ಲ, ಆತನ ಹೆಸರ್ಲೆ ನಿನಗ ನೀನೇ ಹೇಳ್ಕೊಂಡಿ." ಸಿಟ್ಟು ಬಂತು ನಂಗ. ಹತ್ತು ವರ್ಷ ಸಂಡೇ ಸ್ಕೂಲ್ ಹುಡುಗ್ರಿಗೆ ಬೈಬಲ್ಲಿನ ಲೂಕ 18 ಕಲಿಸ್ದಾವ ನಾ, ತಾನೇ ನೀತಿವಂತ ಅನ್ನೋ ಫರಿಸಾಯ ದೇವ್ರ ಮುಂದ ವಾರಕ್ಕ ಎರಡು ಉಪಾಸದ ಲೆಕ್ಕ ಒಪ್ಪಿಸ್ತಾನ, ಸುಂಕದವ ದೂರ ನಿಂತು ಎದಿ ಬಡ್ಕೋತಾನ, ಆ ಸುಂಕದವನ ಪಾರ್ಟ್ ನಿನ್ನ ಕೈಲೇ ಮಾಡಿಸಿದ್ದೆ. ಮೈಕ್ ಸಿಕ್ಕಾಗ ನಾ ಯಾವ ಪಾರ್ಟ್ ಮಾಡ್ದೆ ನೋಡು.

"ಮಂಗಲಪೇಟ ಓಣ್ಯಾಗ ಯಾರ ಮಕ್ಕಳಿಗೂ ಆಗದ್ದು" ಅಂತ ನಾ ಅಂದಾಗ ಮೂರನೇ ಸಾಲಿನ್ಯಾಗ ನಮ್ಮ ಓಣಿ ಆ ಹೆಣ್ಮಗಳು ಕೂತಿದ್ಲು. ಆಕಿ ಮಗಳೂ ನಿನ್ನ ಜೊತಿಗೇ ಸ್ಟಾಫ್ ನರ್ಸ್ ಪರೀಕ್ಷೆ ಬರ್ದಿದ್ಲು, ಲಿಸ್ಟಿನ್ಯಾಗ ಹೆಸರು ಬರ್ಲಿಲ್ಲ. ನಂಗ ಗೊತ್ತಿತ್ತು ಬೇಟಾ, ಗೊತ್ತಿದ್ದೇ ಅಂದೆ. ಕಡಿ ಆಶೀರ್ವಾದಕ್ಕೂ ನಿಂದರ್ಲಿಲ್ಲ ಆಕಿ, ಸೆರಗು ತಲಿ ಮ್ಯಾಲ ಎಳ್ಕೊಂಡು ಎದ್ದು ಹೋದ್ಲು, ಬಾಗಲ್ದಾಗ ಒಂದು ಚಪ್ಲಿ ಸಿಗವಲ್ದು, ಇನ್ನೊಂದು ಕೈಯಾಗ ಹಿಡ್ಕೊಂಡು ಹುಡುಕ್ಲಾಕತ್ತಿದ್ಲು, ನಾ ಮೈಕ್ ಹಿಡ್ಕೊಂಡು ನೋಡ್ಲಾಕತ್ತಿದ್ದೆ. ಉಣ್ಣಾಕ ಕೂತ್ರೂ ಅದೇ ಚಪ್ಲಿ. ನಿಮ್ಮವ್ವ ಅಂತಾಳ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದಿದ್ಲೇನೋ ಬಿಡು ಅಂತ.

ನಂದೂ ಒಂದು ಮಾತದ, ಕೇಳು. ನಿಮ್ಮಜ್ಜ ಊರಾಗ ಗೌಡ್ರ ಮನಿ ಮುಂದ ಹಾಯುವಾಗ ಚಪ್ಲಿ ಕೈಯಾಗ ಹಿಡ್ಕೊಂಡೇ ನಡದಾವ. ಮಂದಿ ಅವನಿಗೆ ಭಾಳ ದೀನ ಮನುಷ್ಯ ಅಂತಿದ್ರು. ಅದು ದೀನತೆ ಅಲ್ಲ, ಅಂಜಿಕಿ. ಫಿಲಿಪ್ಪಿ 2ರಾಗ ಯೇಸು ತನ್ನನ್ನ ತಾನೇ ತಗ್ಗಿಸ್ಕೊಂಡ ಅಂತದ, ತಾನೇ ಅನ್ನೋದು ಮರೀಬ್ಯಾಡ. ಹಂಗಾಗಿ ವಾರ್ಡಿನ್ಯಾಗ ಡಾಕ್ಟರ್ ಕೇಳಿದ್ರ ಗೊತ್ತಿದ್ದದ್ದು ಗೊತ್ತದ ಅಂತ ಗಟ್ಟಿಯಾಗಿ ಹೇಳು, ಡೋಸ್ ತಪ್ಪು ಕಂಡ್ರ ಬಾಯಿ ಮುಚ್ಕೊಂಡು ಕೂಡಬ್ಯಾಡ. ಆದ್ರ ಸಂಬಳ ಎಷ್ಟು ಅಂತ ಊರಿಗೆಲ್ಲಾ ಹೇಳಬ್ಯಾಡ, ಐಡಿ ಕಾರ್ಡ್ ಫೋಟೋ ಸ್ಟೇಟಸ್‌ಗೆ ಹಾಕಬ್ಯಾಡ, ಅಪೊಸ್ತಲ ಪೌಲ ನೋಡು, ಮೈಯಾಗ ಚುಚ್ಚೋ ಶೂಲ ತೆಗಿ ಅಂತ ದೇವ್ರಿಗೆ ಮೂರು ಸಲ ಬೇಡ್ಕೊಂಡ, ಕಡೀಕ ತನ್ನ ಬಲಹೀನತೆ ಬಗ್ಗೇನೇ ಹೆಚ್ಚಳಪಡ್ತೀನಿ ಅಂದ... ಮತ್ತ ಪ್ರಸಂಗ ಶುರು ಮಾಡ್ದೆ.

ಬರೋ ಐತವಾರ ಎದ್ದು ನಿಂತು ಕ್ಷಮೆ ಕೇಳಬೇಕಂತ ಒಂದು ಹಾಳ್ಯಾಗ ಬರದಿಟ್ಟಿದ್ದೆ. ರಾತ್ರಿ ಓದಿ ನೋಡಿದ್ರ ಅದ್ರಾಗೂ ನಂದೇ ವರ್ಣನೆ, ನಾ ಎಷ್ಟು ತಗ್ಗಿದಾವ ನೋಡ್ರಿ ಅಂತ. ಹರದು ಹಾಕ್ದೆ.

ನಿಂಗ ತಪ್ಪಾಯ್ತು ಅಂತ ಬರೀಲಾಕ ಕೈ ಏಳವಲ್ದು, ಬರ್ದೀನಿ ಅಂತ ತಿಳ್ಕೋ.

ನಿನ್ನ ನೋಟ್ಸು, ಆ ದಪ್ಪ ಗೈಡು ಅಟ್ಟದ ಮ್ಯಾಲೇ ಅವ. ಆಕಿ ಮಗಳು ಮತ್ತ ಪರೀಕ್ಷೆಗೆ ಕೂಡ್ತಾಳಂತ. ಕತ್ತಲಾದ ಮ್ಯಾಲ ಹೋಗಿ ಕೊಟ್ಟು ಬರ್ಲಾ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರ್ದು ಅಂತ ಮತ್ತಾಯದಾಗ ಅದ ಅಲ್ಲ, ಯಾರಿಗೂ ಹೇಳಬಾರ್ದಂತ ಮಾಡಿದ್ದೆ. ನಿಂಗ ಹೇಳೇ ಬಿಟ್ಟೆ.

ಅಪ್ಪ