ಸುಳ್ಳು ದಾವೆಗೆ ಇನ್ನೂ ಮೂರೇ ಸಾವಿರವೇ?

ಮಾನ್ಯರೇ,

ಸುಳ್ಳೆಂದು ಗೊತ್ತಿದ್ದೂ ದಾವೆ ಹೂಡಿ ಎದುರು ಪಕ್ಷವನ್ನು ವರ್ಷಗಟ್ಟಲೆ ಕೋರ್ಟಿಗೆ ಅಲೆಸಿದವರಿಂದ ಸಿವಿಲ್ ನ್ಯಾಯಾಲಯ ಪರಿಹಾರವಾಗಿ ಕೊಡಿಸಬಹುದಾದ ಖರ್ಚು ಗರಿಷ್ಠ 3,000 ರೂಪಾಯಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನ ಈ ಮಿತಿ 1976ರ ತಿದ್ದುಪಡಿಯಲ್ಲಿ ಸಾವಿರದಿಂದ ಮೂರು ಸಾವಿರಕ್ಕೆ ಏರಿದ್ದು, ಆಮೇಲೆ ಕದಲಿಲ್ಲ. 2011ರಲ್ಲಿ ದೆಹಲಿ ಹೈಕೋರ್ಟ್ ಒಂದು ಪ್ರಕರಣದಲ್ಲಿ ವಿಧಿಸಿದ್ದ 45 ಲಕ್ಷಕ್ಕೂ ಮಿಕ್ಕಿದ ಖರ್ಚನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಬೇಕಾಯಿತು. ಈಗಿನ ಕಾನೂನು ಅಷ್ಟಕ್ಕೆ ಅವಕಾಶ ಕೊಡುವುದಿಲ್ಲ ಎಂಬುದೇ ಕಾರಣ. ಮಿತಿ ಒಂದು ಲಕ್ಷಕ್ಕಾದರೂ ಏರಬೇಕೆಂದು ಅದೇ ನ್ಯಾಯಾಲಯ ಹೇಳಿತು. 2012ರಲ್ಲಿ ಕಾನೂನು ಆಯೋಗ ತನ್ನ 240ನೇ ವರದಿಯನ್ನು ಇದೇ ವಿಷಯಕ್ಕೆ ಮೀಸಲಿಟ್ಟಿತು.

2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದಾಗ ವಾಣಿಜ್ಯ ವಿವಾದಗಳಿಗೆ ಈ ಮಿತಿಯನ್ನು ತೆಗೆದೇಬಿಟ್ಟರು. ಸೋತವನೇ ಖರ್ಚು ಕೊಡಬೇಕು, ನ್ಯಾಯವಾದ ರಾಜಿ ಪ್ರಸ್ತಾಪವನ್ನು ಕಾರಣವಿಲ್ಲದೆ ತಳ್ಳಿಹಾಕಿದ್ದರೆ ಅದನ್ನೂ ಗಮನಿಸಬೇಕು ಎಂದು ಸ್ಪಷ್ಟವಾಗಿ ಬರೆದರು. ಎರಡು ಕಂಪನಿಗಳ ಜಗಳಕ್ಕೆ ಸಿಕ್ಕ ಈ ರಕ್ಷಣೆ ಹೊಲದ ಬದುವಿಗೆ, ಮನೆಯ ಪಾಲಿಗೆ, ಬಾಡಿಗೆ ಬಾಕಿಗೆ ಕೋರ್ಟ್ ಮೆಟ್ಟಿಲೇರಿದವರಿಗೆ ಇಲ್ಲ. ಈ ತಾರತಮ್ಯಕ್ಕೆ ಸಮರ್ಥನೆ ಎಲ್ಲಿದೆ? ಸಂಸತ್ತು ಇದನ್ನು ಸರಿಪಡಿಸಲೇಬೇಕು.

ಆದರೆ ತಿದ್ದುಪಡಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇರುವ ಅಧಿಕಾರವನ್ನೇ ನಾವು ಸರಿಯಾಗಿ ಬಳಸುತ್ತಿಲ್ಲ. ಸಾಕ್ಷಿ ದೂರದೂರಿನಿಂದ ಬಂದು ಬೆಳಗ್ಗೆಯಿಂದ ಕಾದಿರುತ್ತಾನೆ. ಪಾಟೀಸವಾಲಿನ ಹೊತ್ತಿಗೆ ಕಿರಿಯ ವಕೀಲರು ಎದ್ದುನಿಂತು, ‘ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ, ವಾಯಿದೆ ಬೇಕು ಸ್ವಾಮಿ’ ಎನ್ನುತ್ತಾರೆ. ವಕೀಲರು ಬೇರೆ ಕೋರ್ಟಿನಲ್ಲಿರುವುದು ವಾಯಿದೆಗೆ, ಅಂದರೆ ವಿಚಾರಣೆ ಮುಂದೂಡಲು, ಕಾರಣವೇ ಅಲ್ಲ ಎಂದು ಅದೇ ಸಂಹಿತೆಯ 17ನೇ ಆದೇಶದ 1ನೇ ನಿಯಮ ನೇರವಾಗಿ ಹೇಳುತ್ತದೆ. ವಿಚಾರಣೆಯ ಹಂತದಲ್ಲಿ ಒಬ್ಬ ಪಕ್ಷಗಾರನಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂದೂ ಅದರಲ್ಲೇ ಇದೆ. ಆದರೂ ವಾಯಿದೆ ಸಿಗುತ್ತದೆ, ‘ಖರ್ಚು ಇನ್ನೂರು’ ಎಂದು ಆರ್ಡರ್ ಶೀಟ್‌ನಲ್ಲಿ ಒಂದು ಸಾಲು ಬೀಳುತ್ತದೆ, ಸಾಕ್ಷಿ ಬಸ್ಸು ಹತ್ತುತ್ತಾನೆ.

ಇಂಥ ದಿನಕ್ಕಾಗಿಯೇ 35ಬಿ ಕಲಮು ಇದೆ. ಆ ದಿನ ಹಾಜರಾಗಲು ಎದುರು ಪಕ್ಷಕ್ಕೆ ತಗಲಿದ ವೆಚ್ಚವನ್ನು ವಿಳಂಬ ಮಾಡಿದವರಿಂದ ಕೊಡಿಸಬಹುದು. ಮುಂದಿನ ದಿನಾಂಕದೊಳಗೆ ಅದನ್ನು ಕಟ್ಟದವರು ದಾವೆಯನ್ನಾಗಲಿ ಪ್ರತಿವಾದವನ್ನಾಗಲಿ ಮುಂದುವರಿಸುವಂತಿಲ್ಲ. ದಾವೆ ತಾನಾಗಿ ವಜಾ ಆಗದು, ನಿಜ. ಆದರೆ ಹಣ ಕಟ್ಟುವವರೆಗೆ ಆ ಪಕ್ಷಗಾರ ಪಾಲ್ಗೊಳ್ಳುವ ಹಕ್ಕು ಕಳೆದುಕೊಳ್ಳುತ್ತಾನೆ. ಈ ಕಲಮು ನಿಷ್ಫಲವಾಗುವುದು ಎರಡು ಕಾರಣಕ್ಕೆ. ಮುಂದಿನ ದಿನಾಂಕದಲ್ಲಿ ಹಣ ಬಂದಿದೆಯೇ ಎಂದು ಯಾರೂ ಕೇಳುವುದಿಲ್ಲ. ಇನ್ನೊಂದು, ಖರ್ಚನ್ನು ಯಾವುದೋ ನಿಧಿಗೆ ಕಟ್ಟುವಂತೆ ಆದೇಶವಾಗುತ್ತದೆ. ನಿಧಿಗೆ ಹೋದ ಹಣ ಸಾಕ್ಷಿಯ ಕಳೆದುಹೋದ ದಿನಗೂಲಿಯನ್ನು ತುಂಬಿಕೊಡುವುದಿಲ್ಲ.

ಮೊತ್ತ ಚಿಕ್ಕದಾಗುವುದರಲ್ಲಿ ವಕೀಲರ ಪಾಲೂ ಇದೆ. ‘ಖರ್ಚು ಕೊಡಿಸಿ’ ಎಂದು ಬಾಯಲ್ಲಿ ಹೇಳಿದರೆ ಇನ್ನೂರೇ ಬರುವುದು. ಸಾಕ್ಷಿಯ ಪ್ರಯಾಣ, ಊಟ, ವಸತಿ, ಕಳೆದುಕೊಂಡ ಕೂಲಿ, ಆ ದಿನದ ವಕೀಲರ ಶುಲ್ಕ, ಇಷ್ಟನ್ನು ಒಂದು ಹಾಳೆಯ ಮೆಮೊದಲ್ಲಿ ಬರೆದು, ಟಿಕೆಟ್ ಮತ್ತು ರಸೀದಿ ಲಗತ್ತಿಸಿ ಅಂದೇ ಕೊಡಬೇಕು. ಖರ್ಚು ವಾಸ್ತವಕ್ಕೆ ಹತ್ತಿರವಿರಬೇಕೆಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿರುವುದರಿಂದ, ಕಣ್ಣೆದುರು ಲೆಕ್ಕವಿದ್ದರೆ ನ್ಯಾಯಾಧೀಶರಿಗೂ ಆದೇಶ ಬರೆಯುವುದು ಸುಲಭ. ಒಂದು ಎಚ್ಚರಿಕೆ: ಖರ್ಚು ಕೊಡುವ ಷರತ್ತಿನ ಮೇಲೆ ಎದುರಾಳಿಯ ಅರ್ಜಿ ಮಂಜೂರಾಗಿ, ಆ ಆದೇಶವನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸುವ ಯೋಚನೆಯಿದ್ದರೆ, ಹಣವನ್ನು ಸುಮ್ಮನೆ ಜೇಬಿಗಿಳಿಸಬಾರದು. ಆಕ್ಷೇಪ ದಾಖಲಿಸದೆ ಪಡೆದರೆ ಆದೇಶವನ್ನು ಒಪ್ಪಿಕೊಂಡಂತೆ ಎಂಬ ವಾದ ಎದುರಾಗುತ್ತದೆ.

35ಎ ಅಡಿಯ ಖರ್ಚಿಗೂ ಇಂಥದೇ ತಯಾರಿ ಬೇಕು. ಹಕ್ಕುಕೋರಿಕೆ ಸುಳ್ಳು, ಅದು ಸುಳ್ಳೆಂದು ಎದುರಾಳಿಗೂ ಗೊತ್ತು ಎಂಬ ಆಕ್ಷೇಪವನ್ನು ಪ್ರತಿವಾದ ಪತ್ರದಲ್ಲೇ ಎತ್ತಿರುವುದು ಒಳ್ಳೆಯದು. ಕೊನೆಯ ವಾದದ ದಿನ ಹೊಸದಾಗಿ ಹೇಳಿದರೆ ಬಲವಿರುವುದಿಲ್ಲ. ದಾವೆ ಕೇವಲ ಸೋತಿದೆ ಎಂಬುದೂ ಸಾಲದು, ಏಕೆಂದರೆ ಪ್ರಾಮಾಣಿಕವಾಗಿ ಹೋರಾಡಿ ಸೋಲುವವರೂ ಇದ್ದಾರೆ. ಅವರನ್ನು ಹೆದರಿಸುವ ಸಾಧನ ಇದಾಗಬಾರದು. ಅದಕ್ಕೇ ನ್ಯಾಯಾಲಯ ಕಾರಣ ಬರೆಯಬೇಕೆಂಬ ಕಟ್ಟಳೆ ಇದೆ.

ಇನ್ನು ತೀರ್ಪಿನ ಕೊನೆಯ ಸಾಲು. ‘ಉಭಯ ಪಕ್ಷಗಾರರು ತಂತಮ್ಮ ಖರ್ಚು ತಾವೇ ಭರಿಸತಕ್ಕದ್ದು’ ಎಂಬುದು ರೂಢಿಯ ಮಾತಾಗಿಬಿಟ್ಟಿದೆ. ಗೆದ್ದವರಿಗೆ ಖರ್ಚು ನಿರಾಕರಿಸುವಾಗ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕೆಂದು 35ನೇ ಕಲಮಿನ 2ನೇ ಉಪಕಲಮು ಹೇಳುತ್ತದೆ. ಒಡಹುಟ್ಟಿದವರ ಪಾಲಿನ ದಾವೆಯಲ್ಲಿ ಸಂಬಂಧ ಕೆಡಬಾರದೆಂಬುದು ಒಪ್ಪಬಹುದಾದ ಕಾರಣ. ಖೋಟಾ ಪತ್ರ ಹಾಜರುಪಡಿಸಿದವನ ವಿಷಯದಲ್ಲಿ ಅದೇ ಸಾಲು ಬರೆದರೆ ಅದಕ್ಕೆ ಯಾವ ಕಾರಣವೂ ಇರುವುದಿಲ್ಲ. ಅಂಥ ತೀರ್ಪುಗಳಲ್ಲಿ ಖರ್ಚಿನ ಭಾಗದ ಮೇಲೆ ಮೇಲ್ಮನವಿಯಲ್ಲಿ ಆಕ್ಷೇಪ ಎತ್ತುವುದನ್ನು ಗೆದ್ದವರ ವಕೀಲರು ರೂಢಿಸಿಕೊಳ್ಳಬೇಕು.

— ಸಿವಿಲ್ ವಕೀಲರೊಬ್ಬರು